ಪ್ರತಿಕ್ರಿಯೆ: ಹಳೇ ತಲೆಪೆಟ್ಟಿನ ವಿಷಯ ಬಾಲ ನ್ಯಾಯ ಮಂಡಳಿಗೆ ಹೇಳಬೇಕಾ?

ಹೇಳಲೇಬೇಕು. ಹದಿನೆಂಟು ತುಂಬದ ಮಕ್ಕಳ ಮೇಲಿನ ಕೇಸು ನೋಡುವುದು ಈ ಮಂಡಳಿಯೇ. ನಿಮ್ಮ ಅಕ್ಕನ ಮಗ ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದ, ಈಗ ಹೊಡೆದಾಟದ ಕೇಸಿನಲ್ಲಿ ಸಿಕ್ಕಿದ್ದಾನೆ ಅಂದಿರಿ. ಆಗ ಸ್ಕ್ಯಾನ್ ನಾರ್ಮಲ್ ಬಂದಿತ್ತು ಅಂತ ಸುಮ್ನೆ ಕೂರಬೇಡಿ. ಎಷ್ಟೋ ಸಲ ಸಿಟಿ ಸ್ಕ್ಯಾನಿನಲ್ಲಿ ಏನೂ ಕಾಣುವುದಿಲ್ಲ. ಆದರೂ ಮರೆವು, ತಲೆನೋವು, ಥಟ್ಟನೆ ಬರುವ ಸಿಟ್ಟು ಉಳಿದುಬಿಡಬಹುದು. ಇಂಥ ಹುಡುಗ ಪ್ರಶ್ನೆ ಅರ್ಥವಾಗದೆ ಸುಮ್ಮನಿದ್ದರೆ ನೋಡುವವರಿಗೆ ಅದು ಕೊಬ್ಬು ಅನ್ನಿಸುತ್ತದೆ, ಅಲ್ವಾ?

ತಲೆಪೆಟ್ಟಿನ ಮೊದಲ ತಪಾಸಣೆ ಅಂದರೆ ದೊಡ್ಡ ಯಂತ್ರವೇನಲ್ಲ, ಪ್ರಶ್ನೆಗಳಷ್ಟೇ. ಯಾವಾಗೆಲ್ಲ ಪೆಟ್ಟಾಯಿತು? ಎಚ್ಚರ ತಪ್ಪಿತ್ತಾ? ಎಷ್ಟು ಹೊತ್ತು? ಆಮೇಲೆ ಓದು, ನಿದ್ದೆ, ನಡತೆ ಬದಲಾಯಿತಾ? ಇಂಗ್ಲೆಂಡಿನಲ್ಲಿ ಬಂಧನದಲ್ಲಿರುವ ಮಕ್ಕಳ ಆರೋಗ್ಯ ತಪಾಸಣೆಯಲ್ಲೇ ಇದನ್ನು ಕೇಳುತ್ತಾರೆ.

ನಮ್ಮಲ್ಲಿ 2015ರ ಬಾಲ ನ್ಯಾಯ ಕಾಯ್ದೆಯಂತೆ ಪ್ರೊಬೇಷನ್ ಆಫೀಸರ್ (ಹುಡುಗನ ಮನೆ, ಪರಿಸ್ಥಿತಿ ವಿಚಾರಿಸುವ ಅಧಿಕಾರಿ) ಅವನ ಹಿನ್ನೆಲೆಯ ವರದಿಯನ್ನು ಮಂಡಳಿಗೆ ಕೊಡುತ್ತಾರೆ. ಪೆಟ್ಟಿನ ವಿಷಯ ಅದರೊಳಗೆ ಬರಬೇಕು. ಹಳೇ ಡಿಸ್ಚಾರ್ಜ್ ಚೀಟಿ ಹುಡುಕಿ ಕೊಡಿ. ನಿಮ್ಹಾನ್ಸ್‌ನಂಥ ಕಡೆ ಪರೀಕ್ಷೆಗೆ ಕಳಿಸಿ ಅಂತ ವಕೀಲರಿಂದ ಅರ್ಜಿ ಹಾಕಿಸಿ. ಮಕ್ಕಳಿಗೆ ವಕೀಲರು ಉಚಿತ, ಮಡಿಕೇರಿಯ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಇದರಿಂದ ಕೇಸು ಬಿದ್ದುಹೋಗುತ್ತದೆ ಅಂತಲ್ಲ, ಹುಡುಗನ ನಡತೆಯನ್ನು ಮಂಡಳಿ ತಪ್ಪು ತಿಳಿಯದಿರಲಿ ಅಂತ. ಅಂದಹಾಗೆ, ಅವನು ಬಿದ್ದಾಗ ಜೊತೆಗಿದ್ದವರು ಯಾರು? ಅವರನ್ನೂ ಕೇಳಿ.