ಕರಾವಳಿಯ ಅಡುಗೆಮನೆಗೆ ಯಾವ ಉಕ್ಕಿನ ಚೂರಿ?

ಪ್ರಶ್ನೆ: ಮೀನು, ತರಕಾರಿ ಹೆಚ್ಚುವ ನಮ್ಮ ಕಾರ್ಬನ್ ಉಕ್ಕಿನ ಚೂರಿಗೆ ಮಳೆಗಾಲದಲ್ಲಿ ಬೇಗನೆ ತುಕ್ಕು ಹಿಡಿಯುತ್ತದೆ. ಕಪ್ಪು ಲೇಪನವಿರುವ ಚೂರಿ ಕೊಂಡರೆ ಈ ತೊಂದರೆ ತಪ್ಪೀತೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ದಯವಿಟ್ಟು ಲೇಪನವೊಂದನ್ನೇ ನಂಬಿ ಚೂರಿ ಕೊಳ್ಳಬೇಡಿ. ಟೆಫ್ಲಾನ್ ಆಗಲಿ, ಅದಕ್ಕಿಂತ ಬಹಳ ಗಟ್ಟಿಯಾದ ಟೈಟಾನಿಯಂ ನೈಟ್ರೈಡ್ ಆಗಲಿ, ಅಲಗಿನ ಬದಿಗಳನ್ನು ಕಾಪಾಡುತ್ತದೆಯೇ ಹೊರತು, ಸಾಣೆ ಹಿಡಿದಾಗ ಹರಿತವಾದ ಅಂಚಿನಲ್ಲಿ ಸವೆದುಹೋಗಿ ಒಳಗಿನ ಉಕ್ಕನ್ನು ಗಾಳಿಗೂ ನೀರಿಗೂ ಒಡ್ಡುತ್ತದೆ. ಆದ್ದರಿಂದ ನೋಡಬೇಕಾದುದು ಉಕ್ಕನ್ನೇ.

ಸುಮಾರು ಶೇ. 0.95ರಷ್ಟು ಇಂಗಾಲವಿರುವ 1095 ಎಂಬ ದರ್ಜೆಯ ಕಾರ್ಬನ್ ಉಕ್ಕು ಸೊಗಸಾಗಿ ಹರಿತವಾಗುತ್ತದೆ. ಆದರೆ ಅದರಲ್ಲಿ ತುಕ್ಕು ತಡೆಯುವಷ್ಟು ಕ್ರೋಮಿಯಂ ಇಲ್ಲದಿರುವುದರಿಂದ ಮಲ್ಪೆಯ ಉಪ್ಪುಗಾಳಿಯನ್ನೂ ಮಾವಿನಕಾಯಿಯ ಹುಳಿಯನ್ನೂ ತಾಳಲಾರದು. ಅಗ್ಗದ 420 ದರ್ಜೆಯ ಸ್ಟೇನ್‌ಲೆಸ್ ಉಕ್ಕಿಗೆ ತುಕ್ಕಿನ ಭಯ ಕಡಿಮೆ, ಹರಿತವೂ ಬೇಗ ಹೋಗುತ್ತದೆ. ಶೇ. 16ರಿಂದ 18ರಷ್ಟು ಕ್ರೋಮಿಯಂ ಮತ್ತು ಸುಮಾರು ಶೇ. 1ರಷ್ಟು ಇಂಗಾಲವಿರುವ 440ಸಿ ದರ್ಜೆಯ ಸ್ಟೇನ್‌ಲೆಸ್ ಉಕ್ಕು ನಿಮ್ಮ ಮನೆಗೆ ಹೊಂದುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ, ಸಾಣೆ ಹಿಡಿಯಲು ತುಸು ತಾಳ್ಮೆ ಬೇಕಾದರೂ.

ಸ್ಟೇನ್‌ಲೆಸ್ ಉಕ್ಕನ್ನೂ ಉಪ್ಪು ಚುಕ್ಕಿಚುಕ್ಕಿಯಾಗಿ ಕೊರೆಯುವುದರಿಂದ, ಮೀನು ಹೆಚ್ಚಿದ ಕೂಡಲೇ ಚೂರಿಯನ್ನು ತೊಳೆದು ಒರೆಸಿಡಿ. ಹಳೆಯ ಚೂರಿಯನ್ನು ಎಸೆಯಬೇಕಿಲ್ಲ. ತೆಳುವಾಗಿ ತೆಂಗಿನೆಣ್ಣೆ ಸವರಿದರೆ ಹಲಸು ಬಿಡಿಸುವಾಗ ಮೇಣವೂ ಅಷ್ಟಾಗಿ ಅಂಟುವುದಿಲ್ಲ.