ಓದುಗರ ಪ್ರಶ್ನೆ: ಫರಕ್ಕಾದಲ್ಲಿ ಗಂಗೆಯನ್ನು ಅಳೆದು ಹಂಚುವ ಬಗೆ

ಪ್ರಶ್ನೆ: ದೇವೇಗೌಡರು ಪ್ರಧಾನಿಯಾಗಿದ್ದಾಗ ಬಾಂಗ್ಲಾದೇಶದ ಜೊತೆ ಗಂಗಾ ಒಪ್ಪಂದ ಆಯಿತು ಎಂದು ಓದಿದ್ದೇನೆ. ಅದರಲ್ಲಿ ಯಾರ ಪಾಲು ಎಷ್ಟು? ಕಾವೇರಿಯ ಹಾಗೆ ಟಿಎಂಸಿ ಲೆಕ್ಕವೇ? (ಓದುಗರೊಬ್ಬರು, ಮಂಡ್ಯ)

ಉತ್ತರ: ಟಿಎಂಸಿ (ಶತಕೋಟಿ ಘನ ಅಡಿ) ಅಲ್ಲ, ಕ್ಯೂಸೆಕ್, ಅಂದರೆ ಸೆಕೆಂಡಿಗೆ ಇಷ್ಟು ಘನ ಅಡಿ ಎಂಬ ಹರಿವಿನ ಲೆಕ್ಕ. 1996ರ ಡಿಸೆಂಬರ್ 12ರಂದು ದೆಹಲಿಯಲ್ಲಿ ಎಚ್.ಡಿ. ದೇವೇಗೌಡ ಮತ್ತು ಶೇಖ್ ಹಸೀನಾ ಸಹಿ ಹಾಕಿದ ಈ ಒಪ್ಪಂದ ಇಡೀ ಗಂಗೆಯನ್ನು ಹಂಚುವುದಿಲ್ಲ. ಜನವರಿ 1ರಿಂದ ಮೇ 31ರವರೆಗೆ ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜಿಗೆ ಬಂದು ತಲುಪಿದ ನೀರನ್ನಷ್ಟೇ, ಹತ್ತತ್ತು ದಿನದ ಕಂತಿನಲ್ಲಿ ಹಂಚುತ್ತದೆ. ಮಳೆಗಾಲದ ನೀರಿನ ಹಂಚಿಕೆ ಇದರಲ್ಲಿಲ್ಲ.

ಸೂತ್ರ ಹೀಗಿದೆ. ಒಳಹರಿವು 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅರ್ಧ ಅರ್ಧ. 70,000ದಿಂದ 75,000ದ ನಡುವೆ ಇದ್ದರೆ ಬಾಂಗ್ಲಾಕ್ಕೆ 35,000, ಉಳಿದದ್ದು ಭಾರತಕ್ಕೆ. 75,000 ದಾಟಿದರೆ ಭಾರತಕ್ಕೆ 40,000, ಮಿಕ್ಕಿದ್ದೆಲ್ಲ ಬಾಂಗ್ಲಾಕ್ಕೆ. ಈ 40,000 ಸುಮ್ಮನೆ ಹುಟ್ಟಿದ ಅಂಕಿ ಅಲ್ಲ. ಫರಕ್ಕಾದಿಂದ ಭಾಗೀರಥಿ-ಹೂಗ್ಲಿಗೆ ನೀರು ಒಯ್ಯುವ ಸುಮಾರು 38 ಕಿ.ಮೀ. ಉದ್ದದ ಫೀಡರ್ ಕಾಲುವೆಯ ಸಾಮರ್ಥ್ಯವೇ ಅಷ್ಟು. ಕೋಲ್ಕತ್ತ ಬಂದರಿನಲ್ಲಿ ಕೂರುವ ಹೂಳನ್ನು ತಳ್ಳಿಹಾಕಲೆಂದೇ ಬ್ಯಾರೇಜ್ ಕಟ್ಟಿ 1975ರಲ್ಲಿ ಕಾಲುವೆಗೆ ನೀರು ಬಿಟ್ಟರು.

ಸಾಮಾನ್ಯವಾಗಿ ಪತ್ರಿಕೆಗಳು ಬಿಟ್ಟುಬಿಡುವ ಷರತ್ತು ಇನ್ನೊಂದಿದೆ. ನೀರು ತೀರ ಇಳಿಯುವ ಮಾರ್ಚ್ 11ರಿಂದ ಮೇ 10ರವರೆಗಿನ ಆರು ಕಂತುಗಳಲ್ಲಿ ಅರ್ಧ ಅರ್ಧದ ಲೆಕ್ಕ ನಡೆಯುವುದಿಲ್ಲ. ಒಂದು ಕಂತಿನಲ್ಲಿ ಬಾಂಗ್ಲಾಕ್ಕೆ ಖಚಿತವಾಗಿ 35,000, ಮುಂದಿನದರಲ್ಲಿ ಭಾರತಕ್ಕೆ 35,000, ಹೀಗೆ ಸರದಿ. ಒಪ್ಪಂದದ ಜೊತೆಗಿರುವ ಪಟ್ಟಿಯನ್ನೇ ನೋಡಿ: ಏಪ್ರಿಲ್ 11ರಿಂದ 20ರವರೆಗೆ ನಿರೀಕ್ಷಿತ ಹರಿವು 62,633. ಆಗ ಭಾರತಕ್ಕೆ 35,000, ಬಾಂಗ್ಲಾಕ್ಕೆ 27,633. ಮರುದಿನದಿಂದ ತಿಂಗಳ ಕೊನೆಯವರೆಗೆ ಹರಿವು 60,992. ಈಗ ಬಾಂಗ್ಲಾಕ್ಕೆ 35,000, ಭಾರತಕ್ಕೆ 25,992. ಸರದಿ ಭಾರತದ್ದಾಗಿದ್ದಾಗ ಬಂದದ್ದು 54,000 ಮಾತ್ರ ಅಂದುಕೊಳ್ಳಿ. ಕೊರತೆಯೆಲ್ಲ ಬಾಂಗ್ಲಾದ ತಲೆಗೆ, ಸಿಗುವುದು 19,000. ಸರದಿ ಬದಲಾದರೆ ಅದೇ ಪೆಟ್ಟು ಕೋಲ್ಕತ್ತಕ್ಕೆ.

ಟಿಎಂಸಿಯಲ್ಲೇ ಬೇಕೆಂದರೆ, 35,000 ಕ್ಯೂಸೆಕ್ ಒಂದು ದಿನ ಹರಿದರೆ ಸುಮಾರು 3 ಟಿಎಂಸಿ. ಹತ್ತು ದಿನದ ಒಂದು ಕಂತು 30 ಟಿಎಂಸಿ. ತುಂಬಿದ ಕೆಆರ್‌ಎಸ್ 49.45.

ಪ್ರಶ್ನೆ: ಇಷ್ಟು ನೀರು ಬಂತು, ಇಷ್ಟು ಬಿಟ್ಟೆವು ಎಂಬುದನ್ನು ಅಳೆಯುವವರು ಯಾರು? ಇವರ ಅಂಕಿಯನ್ನು ಅವರು ಒಪ್ಪುತ್ತಾರೆಯೇ? (ಓದುಗರೊಬ್ಬರು, ರಾಯಚೂರು)

ಉತ್ತರ: ಎರಡೂ ದೇಶದವರು ಒಟ್ಟಿಗೇ ಅಳೆಯುತ್ತಾರೆ, ಒಪ್ಪಂದದ ಗಟ್ಟಿತನ ಇರುವುದೇ ಇಲ್ಲಿ. ಜಂಟಿ ಸಮಿತಿಯ ತಂಡಗಳು ಫರಕ್ಕಾದಲ್ಲಿ ಮೂರು ಕಡೆ (ಬ್ಯಾರೇಜಿನ ಕೆಳಗೆ, ಫೀಡರ್ ಕಾಲುವೆಯಲ್ಲಿ, ದೋಣಿ-ಹಡಗು ದಾಟುವ ಲಾಕ್‌ನಲ್ಲಿ) ಮತ್ತು ಬಾಂಗ್ಲಾದ ಹಾರ್ಡಿಂಜ್ ಸೇತುವೆಯ ಬಳಿ ದಿನದಿನದ ಹರಿವು ದಾಖಲಿಸುತ್ತವೆ. ಕಾವೇರಿಗೆ ಬಿಳಿಗುಂಡ್ಲು ಇದ್ದಂತೆ ಗಂಗೆಗೆ ಹಾರ್ಡಿಂಜ್.

ದೊಡ್ಡ ನದಿಯ ಹರಿವು ಅಳೆಯುವ ವಿಧಾನ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಹೊಳೆಯ ಅಡ್ಡಗಲವನ್ನು ಹಲವು ಪಟ್ಟಿಗಳಾಗಿ ಭಾಗ ಮಾಡಿ, ಪ್ರತಿ ಪಟ್ಟಿಯಲ್ಲೂ ದೋಣಿ ನಿಲ್ಲಿಸಿ ಆಳ ನೋಡುತ್ತಾರೆ. ಆಮೇಲೆ ಕರೆಂಟ್ ಮೀಟರ್ (ನೀರಿನ ವೇಗ ಅಳೆಯುವ ಉಪಕರಣ) ಇಳಿಸಿ ಮೇಲ್ಮೈಯಿಂದ ಆಳದ ಹತ್ತನೇ ಎರಡು ಮತ್ತು ಹತ್ತನೇ ಎಂಟು ಭಾಗದಲ್ಲಿ ವೇಗ ಹಿಡಿದು ಸರಾಸರಿ ತೆಗೆಯುತ್ತಾರೆ. ನೀರು ಆಳವಿಲ್ಲದ ಕಡೆ ಹತ್ತನೇ ಆರರಲ್ಲಿ ಒಂದೇ ಸಲ. 20 ಮೀಟರ್ ಅಗಲ, 3 ಮೀಟರ್ ಆಳ, ಸೆಕೆಂಡಿಗೆ ಅರ್ಧ ಮೀಟರ್ ವೇಗ ಎಂದರೆ 30 ಘನ ಮೀಟರ್, ಸುಮಾರು 1,060 ಕ್ಯೂಸೆಕ್. ಪಟ್ಟಿಗಳನ್ನೆಲ್ಲ ಕೂಡಿದರೆ ಆ ದಿನದ ಹರಿವು. ಆಳದಲ್ಲಿ 30 ಸೆಂ.ಮೀ. ತಪ್ಪಿದರೆ ಈ ಒಂದೇ ಪಟ್ಟಿಯಲ್ಲಿ ನೂರು ಕ್ಯೂಸೆಕ್ ಹೆಚ್ಚುಕಡಿಮೆಯಾಗುತ್ತದೆ. ಗಂಗೆಯ ತಳ ಮರಳು. ಇಂದು ಇದ್ದ ದಿಬ್ಬ ನಾಳೆ ಇರುವುದಿಲ್ಲ. ಹಾಗಾಗಿ ಅಳತೆಗೋಲಿನಲ್ಲಿ ನೀರಿನ ಮಟ್ಟ ನೋಡಿ, ಯಾವ ಮಟ್ಟಕ್ಕೆ ಎಷ್ಟು ಹರಿವು ಎಂಬ ಹಳೆಯ ಕೋಷ್ಟಕದಿಂದ ಹರಿವು ಹೇಳಿದರೆ ಮೋಸಹೋಗುತ್ತೇವೆ.

ಫರಕ್ಕಾದಲ್ಲಿ ಬಿಟ್ಟ ಅಂಕಿ ಅದೇ ದಿನ ಹಾರ್ಡಿಂಜ್‌ನಲ್ಲಿ ಸಿಗಲಿಲ್ಲ ಎಂದು ಕೂಗಾಡುವವರಿದ್ದಾರೆ. ಸಿಗಬೇಕಾಗಿಯೂ ಇಲ್ಲ. ನೀರು ಅಲ್ಲಿಗೆ ತಲುಪಲು ಸಮಯ ಬೇಕು, ನಡುವೆ ಮಹಾನಂದಾ ಬಂದು ಸೇರುತ್ತದೆ, ದಡದ ಮರಳು ನೀರನ್ನು ಕುಡಿಯುತ್ತದೆ, ಮತ್ತೆ ಬಿಡುತ್ತದೆ. ಜೊತೆಗೆ ಫರಕ್ಕಾದ ಕೆಳಗೆ ಭಾರತ 200 ಕ್ಯೂಸೆಕ್‌ವರೆಗೆ ಬಳಸಲು ಒಪ್ಪಂದದಲ್ಲೇ ಅವಕಾಶವಿದೆ.

ಪ್ರಶ್ನೆ: ಮಳೆಗಾಲದಲ್ಲಿ ಭಾರತ ಗೇಟು ತೆರೆದು ಬಾಂಗ್ಲಾವನ್ನು ಮುಳುಗಿಸುತ್ತದೆ ಎಂಬ ಆರೋಪ ನಿಜವೇ? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಫರಕ್ಕಾ ಲಿಂಗನಮಕ್ಕಿಯಂಥ ಅಣೆಕಟ್ಟೆಯಲ್ಲ. ನೀರಿನ ಮಟ್ಟವನ್ನು ಎತ್ತಿ ಕಾಲುವೆಗೆ ತಿರುಗಿಸುವ, 109 ಗೇಟುಗಳ ಬ್ಯಾರೇಜ್. ಪ್ರವಾಹ ಹಿಡಿದಿಡಲು ಜಾಗವೇ ಇಲ್ಲ, ಬಂದದ್ದನ್ನು ಬಿಡಲೇಬೇಕು. ಮೇಲ್ಭಾಗದಲ್ಲಿ ಹೂಳು ಕೂತಿರುವುದು, ಮಾಲ್ಡಾದಲ್ಲಿ ದಡ ಕುಸಿಯುತ್ತಿರುವುದು, ಹಿಲ್ಸಾ ಮೀನು ಮೇಲಕ್ಕೆ ಬರಲಾಗದಿರುವುದು: ಬ್ಯಾರೇಜಿನ ಮೇಲಿನ ಈ ದೂರುಗಳಲ್ಲಿ ಹುರುಳಿದೆ.

ಪ್ರಶ್ನೆ: ಬರ ಬಂದರೆ? ಸಂಕಷ್ಟ ಸೂತ್ರ ಇದೆಯೇ? ಅವಧಿ ಮುಗಿದ ಮೇಲೆ ಏನು? (ಓದುಗರೊಬ್ಬರು, ಮೈಸೂರು)

ಉತ್ತರ: ಹತ್ತು ದಿನದ ಕಂತಿನಲ್ಲಿ ಹರಿವು 50,000 ಕ್ಯೂಸೆಕ್‌ಗಿಂತ ಇಳಿದರೆ ಎರಡೂ ಸರ್ಕಾರ ತಕ್ಷಣ ಕೂತು ಮಾತಾಡಬೇಕು. ಅಷ್ಟೇ, ಅಲ್ಲಿ ಯಾರಿಗೆ ಎಷ್ಟು ಎಂಬ ಅಂಕಿ ಇಲ್ಲ. 1977ರ ಒಪ್ಪಂದದಲ್ಲಿ ಬಾಂಗ್ಲಾಕ್ಕೆ ಪಟ್ಟಿಯ ಪಾಲಿನ ಶೇ. 80 ಖಾತ್ರಿ ಇತ್ತು, 1996ರಲ್ಲಿ ಅದನ್ನು ಕೈಬಿಟ್ಟರು. ಆದರೆ 1996ರ ಒಪ್ಪಂದದ ಹಂಚಿಕೆಯನ್ನು ಪರಿಶೀಲಿಸುವಾಗ ಹೊಂದಾಣಿಕೆ ಆಗದಿದ್ದರೆ, ಆಗುವ ತನಕ ಸೂತ್ರದ ಪ್ರಕಾರ ಬಾಂಗ್ಲಾಕ್ಕೆ ಬರಬೇಕಾದ ಪಾಲಿನಲ್ಲಿ ಶೇ. 90ಕ್ಕೆ ಕಡಿಮೆಯಿಲ್ಲದಂತೆ ಬಿಡಬೇಕು ಎಂಬ ಮಾತಿದೆ.

ನಮ್ಮ ಅಭಿಪ್ರಾಯದಲ್ಲಿ ಒಪ್ಪಂದದ ದೊಡ್ಡ ತೂತು ಇರುವುದು ಫರಕ್ಕಾದ ಮೇಲ್ಭಾಗದ ನದಿಯ ವಿಷಯದಲ್ಲಿ. ಪಟ್ಟಿಯ ಅಂಕಿಗಳು 1949ರಿಂದ 1988ರವರೆಗಿನ ಸರಾಸರಿ. ಆ ಹರಿವನ್ನು ಕಾಯ್ದುಕೊಳ್ಳಲು ಭಾರತ ಎಲ್ಲ ಪ್ರಯತ್ನ ಮಾಡಬೇಕು ಎಂದಿದೆಯೇ ಹೊರತು ಉತ್ತರ ಪ್ರದೇಶ, ಬಿಹಾರದ ಕಾಲುವೆ-ಪಂಪುಗಳು ಇಷ್ಟೇ ಎತ್ತಬೇಕೆಂಬ ಮಿತಿ ಇಲ್ಲ. ಬೇಸಿಗೆಯ ನೀರಿನ ದೊಡ್ಡ ಪಾಲು ಕೋಸಿ, ಗಂಡಕ್, ಕರ್ಣಾಲಿ ಮೂಲಕ ಬರುವುದು ನೇಪಾಳದಿಂದ. ನೇಪಾಳ ಈ ಒಪ್ಪಂದದಲ್ಲೇ ಇಲ್ಲ. 30 ವರ್ಷದ ಅವಧಿ 2026ರ ಡಿಸೆಂಬರ್‌ಗೆ ಮುಗಿಯುತ್ತದೆ. ತಾನಾಗಿ ಮುಂದುವರಿಯುವುದಿಲ್ಲ, ಇಬ್ಬರೂ ಒಪ್ಪಬೇಕು.

ಪ್ರಶ್ನೆ: ಉಳಿದ ನದಿಗಳಿಗೂ ಇಂಥ ಒಪ್ಪಂದ ಇದೆಯೇ? (ಅದೇ ಓದುಗರು)

ಉತ್ತರ: ಎರಡು ದೇಶಗಳ ನಡುವೆ 54 ನದಿಗಳು ಹರಿಯುತ್ತವೆ. ತೀಸ್ತಾದ ಕರಡು 2011ರಲ್ಲಿ ಸಿದ್ಧವಾದರೂ ಪಶ್ಚಿಮ ಬಂಗಾಳ ಒಪ್ಪದೆ ಸಹಿ ಬೀಳಲಿಲ್ಲ. 2022ರಲ್ಲಿ ಕುಶಿಯಾರಾದಿಂದ ಬಾಂಗ್ಲಾ 153 ಕ್ಯೂಸೆಕ್ ಎತ್ತಿಕೊಳ್ಳಲು ಭಾರತ ಒಪ್ಪಿತು. ಅದಕ್ಕೂ ಮುಂಚೆ, 2019ರಲ್ಲಿ, ತ್ರಿಪುರಾದ ಸಬ್ರೂಮ್ ಪಟ್ಟಣದ ಕುಡಿಯುವ ನೀರಿಗಾಗಿ ಫೇನಿ ನದಿಯಿಂದ 1.82 ಕ್ಯೂಸೆಕ್ ಎತ್ತಲು ಬಾಂಗ್ಲಾ ಒಪ್ಪಿತ್ತು. ಸೆಕೆಂಡಿಗೆ ಸುಮಾರು 51 ಲೀಟರ್. ಅಷ್ಟಕ್ಕೂ ಪ್ರಧಾನಿಗಳ ಮಟ್ಟದ ಮಾತುಕತೆಯೇ ಬೇಕಾಯಿತು.