ಕುರ್ಚಿಯಲ್ಲಿ ಗಂಡ, ಕೈಯಲ್ಲಿ ಟೀ ತಟ್ಟೆ: ಒಬ್ಬ ಎಸ್‌ಡಿಎಂಸಿ ಅಧ್ಯಕ್ಷೆಯ ಪ್ರಕರಣ

ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಆಯ್ಕೆಯಾದ ಮೇಲೆ ನಿದ್ದೆ ಕೆಟ್ಟಿತು ಎಂದು ಬರುವ ಹೆಣ್ಣುಮಕ್ಕಳು ಆಪ್ತಸಲಹೆಗೆ ಹೊಸಬರಲ್ಲ. ತಲೆನೋವು, ಹೊಟ್ಟೆ ತೊಳಸುವುದು, ಶಾಲೆಯಿಂದ ಫೋನ್ ಬಂದರೆ ಎದೆ ಡವಡವ ಎನ್ನುವುದು. ಹೆಚ್ಚಿನವರು ಮೊದಲು ಬಿಪಿ ನೋಡಿಸಿ, ಗ್ಯಾಸ್ಟ್ರಿಕ್ ಮಾತ್ರೆ ನುಂಗಿ, ಯಾವುದೂ ನಾಟದೆ ಇಲ್ಲಿಗೆ ಬಂದಿರುತ್ತಾರೆ. ಕೇಳುತ್ತಾ ಹೋದರೆ ಸಂಗತಿ ಒಂದೇ. ಹೆಸರು ಇವರದು, ದರ್ಬಾರು ಮನೆಯ ಗಂಡಸಿನದು. ಇದು ಮತ್ತೆ ಮತ್ತೆ ಬರುತ್ತಿರುವುದರಿಂದ ಒಂದು ಪ್ರಕರಣವನ್ನು, ಊರು, ವಯಸ್ಸು, ಮಕ್ಕಳ ವಿವರ ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಆಕೆಯನ್ನು ಮಂಜುಳ ಎಂದಿಟ್ಟುಕೊಳ್ಳೋಣ. ಮೂವತ್ತು ದಾಟಿದ ಹೆಂಗಸು, ಎಸ್ಸೆಸ್ಸೆಲ್ಸಿ ಓದಿದ್ದಾರೆ, ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಇಬ್ಬರು ಮಕ್ಕಳೂ ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಗಂಡ ಊರಲ್ಲಿ ನಾಲ್ಕು ಜನಕ್ಕೆ ಬೇಕಾದವರು, ಸಣ್ಣಪುಟ್ಟ ಕಾಂಟ್ರಾಕ್ಟ್ ಮಾಡುತ್ತಾರೆ. ಅಧ್ಯಕ್ಷ ಸ್ಥಾನಕ್ಕೆ ಹೆಂಡತಿಯ ಹೆಸರು ಹೇಳಿದವರೂ ಅವರೇ. ಮಂಜುಳ ಅವರನ್ನು ಆಶಾ ಕಾರ್ಯಕರ್ತೆ ಕರೆದುಕೊಂಡು ಬಂದಾಗ ದೂರು ಇಷ್ಟೇ: ತಿಂಗಳಿಗೊಮ್ಮೆ, ಮೀಟಿಂಗ್ ದಿನ ಬೆಳಿಗ್ಗೆ, ವಾಂತಿ.

ಈ ಸಮಿತಿ ಊರಿನ ಭಜನಾ ಮಂಡಳಿಯಂಥದ್ದಲ್ಲ. ಕರ್ನಾಟಕದಲ್ಲಿ ಎಸ್‌ಡಿಎಂಸಿಗಳು 2001ರಿಂದ ಇವೆ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಅದರ 21ನೇ ಸೆಕ್ಷನ್ ಇಂಥ ಸಮಿತಿಗೆ ಕಾನೂನಿನ ಬಲ ಕೊಟ್ಟಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಎಲ್ಲಿ ಹೋಯಿತು ಎಂದು ಪರಿಶೀಲಿಸುವುದು ಸಮಿತಿಯ ಕೆಲಸ. ಸಂಬಳವಿಲ್ಲ, ಹೊಣೆ ಇದೆ. ಸಮಿತಿಯ ಬ್ಯಾಂಕ್ ಖಾತೆ ಮುಖ್ಯ ಶಿಕ್ಷಕರು ಮತ್ತು ಅಧ್ಯಕ್ಷರ ಜಂಟಿ ಹೆಸರಿನಲ್ಲಿರುತ್ತದೆ. ಮಂಜುಳ ಅವರ ವಾಂತಿಯ ಬೇರು ಆ ಎರಡನೇ ಸಹಿಯಲ್ಲಿತ್ತು.

ಮೊದಲ ಭೇಟಿಗಳಲ್ಲಿ ಆಕೆ ಮಾತಾಡಿದ್ದು ಅತ್ತೆ, ಸಾಲ, ನಿದ್ದೆ ಇಷ್ಟೇ. ತಿರುವು ಬಂದದ್ದು ಒಂದು ಸಾದಾ ಪ್ರಶ್ನೆಗೆ. ಮೀಟಿಂಗಿನ ದಿನ ಶಾಲೆಯ ಗೇಟಿನಿಂದ ಶುರುಮಾಡಿ ಏನೇನಾಗುತ್ತದೆ ಹೇಳಿ ಎಂದು ಕೇಳಿದ್ದೆ.

"ಮೀಟಿಂಗಲ್ಲಿ ನೀವು ಎಲ್ಲಿ ಕೂತ್ಕೋತೀರ?"

"ಕೂತ್ಕೊಳಲ್ಲ ಮೇಡಂ. ಟೀ ಕೊಡ್ತೀನಿ."

"ಮತ್ತೆ ಅಧ್ಯಕ್ಷರ ಕುರ್ಚೀಲಿ?"

"ನಮ್ಮನೆಯವರು ಕೂತ್ಕೋತಾರೆ. ಕೊನೇಲಿ ಕರೀತಾರೆ, ಹೋಗಿ ಸೈನ್ ಹಾಕ್ತೀನಿ. ಲೆಕ್ಕಪತ್ರ ಎಲ್ಲ ನಂಗೆ ತಿಳಿಯಲ್ಲ ಬಿಡಿ."

ತಿಳಿಯುತ್ತದೆ ಎಂದು ನಾನು ವಾದಿಸಲಿಲ್ಲ. ಹಾಗೆ ಸಮಾಧಾನ ಹೇಳಿದರೆ ಎದುರಿಗಿದ್ದವರು ತಲೆಯಾಡಿಸಿ ಸುಮ್ಮನಾಗಿಬಿಡುತ್ತಾರೆ. ಕೊನೆಗೆ ಸಹಿ ಹಾಕಿದ್ದು ಯಾವುದಕ್ಕೆ ಎಂದಷ್ಟೇ ಕೇಳಿದೆ.

"ಪರದೆ ಬಟ್ಟೆ ಬಿಲ್ಲಿಗೆ. ನಲವತ್ತು ಮೀಟರ್ ಅಂತ ಇತ್ತು." ಸ್ವಲ್ಪ ಹೊತ್ತು ಬಿಟ್ಟು ಆಕೆಯೇ ಮುಂದುವರಿಸಿದರು. "ಶಾಲೇಲಿ ಕಿಟಕಿ ಇರೋದೇ ಆರು ಮೇಡಂ. ನಾಲ್ಕಡಿ ಕಿಟಕಿ. ಬಟ್ಟೆ 44 ಇಂಚು ಅಗಲದ ಪನ್ನ ಆದ್ರೆ ಒಂದು ಕಿಟಕಿಗೆ ಎರಡು ತುಂಡು. ಮೇಲೆ ಕೆಳಗೆ ಮಡಿಚಿ ಹೊಲಿಯೋದು ಸೇರಿ ತುಂಡಿಗೆ ಒಂದೂವರೆ ಮೀಟರ್. ಹದಿನೆಂಟು ಮೀಟರಲ್ಲಿ ಮುಗಿದೋಗುತ್ತೆ. ಧಾರಾಳವಾಗಿ ತಂದ್ರೂ ಇಪ್ಪತ್ತು."

ಲೆಕ್ಕ ತಿಳಿಯದ ಹೆಂಗಸು ಒಂದು ಚೀಟಿ, ಪೆನ್ನು ಮುಟ್ಟದೆ ಹೇಳಿದ ಲೆಕ್ಕ ಇದು. ಹೇಳಿ ಮುಗಿಸಿದ ಮೇಲೆ ಆಕೆಯ ಮುಖದಲ್ಲಿ ಗಾಬರಿ. "ಇದನ್ನ ಯಾರತ್ರನೂ ಹೇಳಿಲ್ಲ, ನೀವೂ ಹೇಳ್ಬೇಡಿ" ಎಂದರು. ತನಗೆ ಏನೂ ತಿಳಿಯುವುದಿಲ್ಲ ಎಂಬ ಭಯ ಆಕೆಗಿರಲಿಲ್ಲ. ತಿಳಿದೂ ಸಹಿ ಹಾಕುತ್ತಿದ್ದೇನೆ ಎಂಬುದು ಹೊಟ್ಟೆಯಲ್ಲಿ ಕೂತಿತ್ತು. ಮೀಟಿಂಗಿಗೆ ಮೊದಲು ಮಾತ್ರ ವಾಂತಿ ಏಕೆ ಎಂಬುದಕ್ಕೆ ಬೇರೆ ಉತ್ತರ ಬೇಕಿರಲಿಲ್ಲ.

ಗುಟ್ಟಿನ ವಿಷಯ ಮೊದಲು ಸ್ಪಷ್ಟಪಡಿಸಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಂತೆ ಆಪ್ತಸಲಹೆಗಾರರೂ ವರದಿ ಮಾಡಲೇಬೇಕು, ಅಲ್ಲಿ ಗುಟ್ಟಿಲ್ಲ. ಪರದೆ ಬಟ್ಟೆಯ ಬಿಲ್ಲಿನ ಮಾತು ಹಾಗಲ್ಲ, ಮುಂದೇನು ಎಂಬುದು ಆಕೆಯ ತೀರ್ಮಾನ. ಎರಡನೆಯದಾಗಿ, ಒಬ್ಬರೇ ಇದ್ದಾಗ, ನೇರವಾಗಿ ಕೇಳಿದೆ: ಗಂಡ ಹೊಡೆದದ್ದುಂಟೇ, ಫೋನ್ ಕಿತ್ತುಕೊಳ್ಳುತ್ತಾರೆಯೇ, ಹೊಲಿಗೆಯ ದುಡ್ಡು ಯಾರ ಕೈಯಲ್ಲಿರುತ್ತದೆ, ತವರಿಗೆ ಹೋಗಿಬರಲು ಅಡ್ಡಿಯಿದೆಯೇ. ಇಷ್ಟನ್ನು ಕೇಳದೆ "ಧೈರ್ಯವಾಗಿ ಎದುರು ಮಾತಾಡಿ" ಎನ್ನುವ ಸಲಹೆ ಅಪಾಯಕಾರಿ. ಹೊಡೆತ ಇದ್ದಿದ್ದರೆ ನನ್ನ ಸಲಹೆಯೇ ಬೇರೆ ಇರುತ್ತಿತ್ತು: ಶಾಲೆಯ ವಿಷಯ ಆಮೇಲೆ, ಮೊದಲು ಮಹಿಳಾ ಸಹಾಯವಾಣಿ 181. ಇಲ್ಲಿ ಹೊಡೆತ ಇರಲಿಲ್ಲ. ಮಾತು ಬಿಡುವುದು, ಊಟ ಬಿಟ್ಟು ಎದ್ದುಹೋಗುವುದು ಇತ್ತು.

ರಾಜೀನಾಮೆ ಕೊಡಿಸಬೇಕಿತ್ತು ಎಂದು ಇಂಥ ಪ್ರಕರಣಗಳ ಚರ್ಚೆಯಲ್ಲಿ ಸಹೋದ್ಯೋಗಿಗಳು ಹೇಳುವುದುಂಟು. ಒತ್ತಡದ ಮೂಲ ತೆಗೆದರೆ ಒತ್ತಡ ಹೋಗುತ್ತದೆ ಎಂಬ ವಾದ. ನಾನು ಒಪ್ಪುವುದಿಲ್ಲ. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಹಿಂದೆ ಹಾಕಿದ ಸಹಿ ಅಳಿಸುವುದಿಲ್ಲ. ಖಾಲಿ ಚೆಕ್ಕಿಗೆ ಸಹಿಯಾಗಿದ್ದರೆ ಆ ಹಾಳೆ ಇನ್ನೊಬ್ಬರ ಕೈಯಲ್ಲೇ ಉಳಿಯುತ್ತದೆ. ಜೊತೆಗೆ, ಮಕ್ಕಳು ಅದೇ ಶಾಲೆಯಲ್ಲಿ ಓದುತ್ತಿರುವಾಗ ತಾಯಿ ತಲೆ ತಗ್ಗಿಸಿ ಹೊರಬಂದರೆ ಆ ಗೇಟು ಆಕೆಗೆ ಶಾಶ್ವತವಾಗಿ ಮುಚ್ಚಿದಂತೆ. ಆದ್ದರಿಂದ ಮೊದಲು ಸಹಿಯನ್ನು ಸರಿಮಾಡಿ, ಆಮೇಲೂ ಬೇಡ ಅನಿಸಿದರೆ ಪತ್ರ ಬರೆದು ಕೊಟ್ಟು, ತಲುಪಿತೆಂದು ಇನ್ನೊಂದು ಪ್ರತಿಯಲ್ಲಿ ಸಹಿ ಪಡೆದು ಬನ್ನಿ ಎಂದೆ.

ಸಹಿಗೆ ಕಟ್ಟಿದ ಕಟ್ಟುಪಾಡು ಹೀಗಿತ್ತು. ಮನೆಯಲ್ಲಿ, ದಾರಿಯಲ್ಲಿ, ಬೈಕಿನ ಸೀಟಿನ ಮೇಲೆ ಇಟ್ಟು ಸಹಿ ಇಲ್ಲ. ಶಾಲೆಯ ಮೇಜಿನ ಮೇಲೆ ಮಾತ್ರ. ನಡಾವಳಿ ಪುಸ್ತಕದಲ್ಲಿ ಠರಾವು, ಅಂಗಡಿಯ ಬಿಲ್ಲು, ಬಂದ ಸಾಮಾನು ಈ ಮೂರನ್ನೂ ಕಣ್ಣಾರೆ ನೋಡಿದ ಮೇಲೆ ಚೆಕ್ಕು. ಚೆಕ್ಕಿನಲ್ಲಿ ಯಾರಿಗೆ, ಎಷ್ಟು, ಯಾವ ದಿನ ಎಂಬುದು ತುಂಬಿರಬೇಕು, ಎಡ ಮೂಲೆಯಲ್ಲಿ ಎರಡು ಗೆರೆ ಎಳೆದು ಎ/ಸಿ ಪೇಯಿ ಎಂದು ಬರೆದಿರಬೇಕು. ನಡಾವಳಿಯ ಕೊನೆಯ ಸಾಲಿಗೂ ಸಹಿಗೂ ನಡುವೆ ಜಾಗ ಉಳಿದಿದ್ದರೆ ಅಡ್ಡಗೆರೆ ಎಳೆದೇ ಸಹಿ, ಕೆಳಗೆ ದಿನಾಂಕ. ಎಷ್ಟೋ ಕಡೆ ತಪ್ಪುವುದು ಇಲ್ಲೇ. ಮೀಟಿಂಗಿನಲ್ಲಿ ಖಾಲಿ ಪುಟಕ್ಕೆ ಎಲ್ಲರ ಸಹಿ ಪಡೆದು, ಠರಾವನ್ನು ಆಮೇಲೆ ಬರೆದುಕೊಳ್ಳುತ್ತಾರೆ. ಒಪ್ಪಿಗೆ ಇಲ್ಲದಿದ್ದರೆ ಗಲಾಟೆ ಬೇಡ; ಸಹಿಯ ಮೇಲೆ "ಈ ವಿಷಯಕ್ಕೆ ನನ್ನ ಒಪ್ಪಿಗೆ ಇಲ್ಲ" ಎಂದು ಒಂದು ಸಾಲು ಬರೆದರೆ ಸಾಕು. ಈಗಾಗಲೇ ಸಹಿ ಮಾಡಿದ ಖಾಲಿ ಚೆಕ್ಕು ಎಲ್ಲಾದರೂ ಇದ್ದರೆ ವಾಪಸು ಪಡೆದು ರದ್ದು ಮಾಡಿಸಬೇಕು, ಸಿಗದಿದ್ದರೆ ಚೆಕ್ ನಂಬರ್ ಹಾಕಿ ಬ್ಯಾಂಕಿಗೆ ಲಿಖಿತವಾಗಿ ಕೊಟ್ಟು ಪಾವತಿ ತಡೆಯಬೇಕು.

ದುಡ್ಡಿನ ಗಾತ್ರವೂ ಆಕೆಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ 110 ಮಕ್ಕಳು. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನದ ಮಾನದಂಡದಲ್ಲಿ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ, ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ. ಅಂದರೆ ಫಿನೈಲು, ಪೊರಕೆ, ಸೋಪು, ಶೌಚಾಲಯದ ನಲ್ಲಿ ಇವಕ್ಕೆ 5,000. ಇಷ್ಟು ತಿಳಿದ ಮೇಲೆ "ಶಾಲೆ ದುಡ್ಡು" ಎಂಬ ದೊಡ್ಡ ಭೂತ ಮನೆಖರ್ಚಿನ ಅಳತೆಗೆ ಇಳಿಯಿತು.

ಗಂಡನಿಗೆ ಹೇಳಬೇಕಾದ ಮಾತನ್ನು ಇಲ್ಲೇ, ಗಟ್ಟಿಯಾಗಿ, ಹಲವು ಸಲ ಹೇಳಿಸಿದೆ: "ರೀ, ನಾಳೆ ಆಡಿಟ್ಟಲ್ಲಿ ಏನಾದ್ರೂ ಬಂದ್ರೆ ಕೇಳೋದು ನನ್ನ ಹೆಸರನ್ನ. ಇನ್ಮೇಲೆ ಓದಿ ಸೈನ್ ಹಾಕ್ತೀನಿ." ಬೇಸರ, ಅವಮಾನಗಳನ್ನು ಬಿಟ್ಟು ಆಡಿಟ್ಟಿನ ಮಾತನ್ನು ಹೇಳಿಕೊಟ್ಟದ್ದೇಕೆ ಎಂಬ ಪ್ರಶ್ನೆ ಬರಬಹುದು. ಆ ಮನೆಯಲ್ಲಿ "ನಂಗೆ ಬೇಜಾರಾಗುತ್ತೆ" ಎಂಬ ಮಾತಿಗೆ ಬೆಲೆ ಇಲ್ಲ, ಕೇಸು ಎಂಬ ಮಾತಿಗೆ ಇದೆ. ಜೊತೆಗೆ ಇದರಲ್ಲಿ ಗಂಡನ ಮೇಲೆ ನೇರ ಆರೋಪವೂ ಇಲ್ಲ, ಹಾಗಾಗಿ ಮಾನ ಉಳಿಸಿಕೊಂಡು ಹಿಂದೆ ಸರಿಯಲು ಅವರಿಗೂ ದಾರಿ ಇರುತ್ತದೆ. ಮನಸ್ಸಿನ ನೋವಿನ ಮಾತು ಮುಖ್ಯವೇ. ಅದಕ್ಕೆ ಇಲ್ಲಿ ಜಾಗ ಇತ್ತು, ಅಡುಗೆಮನೆಯಲ್ಲಿ ಇನ್ನೂ ಇರಲಿಲ್ಲ.

ಇನ್ನೊಂದು ಸಲಹೆ ಕುರ್ಚಿಯದ್ದು. ಸಮಿತಿಯ ಇಬ್ಬರು ಹೆಂಗಸರನ್ನು ಮೊದಲೇ ಮಾತಾಡಿಸಿ, ಕಾಲು ಗಂಟೆ ಮುಂಚೆ ಹೋಗಿ, ಮೂವರೂ ಒಟ್ಟಿಗೆ ಕೂತುಬಿಡಿ. ಖಾಲಿ ಕುರ್ಚಿಯಲ್ಲಿ ಕೂರುವುದು ಸುಲಭ, ಕೂತವರನ್ನು ಎಬ್ಬಿಸುವುದು ಕಷ್ಟ. ಸಂಜೆ ಆರರ ಮೀಟಿಂಗನ್ನು ಬೆಳಿಗ್ಗೆ ಹನ್ನೊಂದಕ್ಕೆ ತರಲು ಕೇಳಿ. ಒಲೆ ಹಚ್ಚುವ ಹೊತ್ತಲ್ಲಿ ಕರೆದರೆ ಹೆಂಗಸರು ಹೇಗೆ ಬರುತ್ತಾರೆ?

ವಾರಕ್ಕೊಂದು ದಿನ ಬಿಸಿಯೂಟದ ಹೊತ್ತಿಗೆ ಹೋಗಿ ಎಂದೂ ಹೇಳಿದೆ. ಇದು ಚಿಕಿತ್ಸೆಯ ಭಾಗ. ಬರೀ ಸಹಿಯೇ ಕೆಲಸವಾದಾಗ ಭಯ ಬೆಳೆಯುತ್ತದೆ, ಕೈಗೆ ಕಾಣುವ ಕೆಲಸವಿದ್ದರೆ ಕಾಲು ಊರುತ್ತದೆ. ಒಂದರಿಂದ ಐದನೇ ತರಗತಿಗೆ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟಕ್ಕೆ 150, 30, 75. ಸಣ್ಣವರು 80, ದೊಡ್ಡವರು 30 ಜನ ಬಂದ ದಿನ ಹನ್ನೆರಡೂವರೆ ಕಿಲೋ ಅಕ್ಕಿ, ಎರಡೂವರೆ ಕಿಲೋ ಬೇಳೆ. ಲೆಕ್ಕ ಹಾಕಬೇಕಾದದ್ದು ಅಂದಿನ ಹಾಜರಾತಿಯ ಮೇಲೆ, ದಾಖಲಾತಿಯ ಮೇಲಲ್ಲ. ಮಕ್ಕಳಿಗೆ ಬಡಿಸುವ ಮುಂಚೆ ರುಚಿ ನೋಡಿ, ವಹಿಯಲ್ಲಿ ಬರೆದು ಬರಬೇಕು. ಅಡುಗೆಯವರ ಮೇಲೆ ಪೊಲೀಸಿಕೆ ಮಾಡಬಾರದು. ಸಾರು ನೀರಾಗಿದ್ದರೆ ಬೇಳೆ ಎಷ್ಟು ಬಂತು ಎಂದು ಉಗ್ರಾಣದ ಕಡೆ ನೋಡಬೇಕು.

ಮೊದಲ ಸಲ ಓದಿ ಸಹಿ ಹಾಕುತ್ತೇನೆ ಎಂದ ದಿನ ಗಂಡ ಎದ್ದು ಹೊರಗೆ ಹೋದರು, ಮನೆಯಲ್ಲಿ ವಾರವಿಡೀ ಮಾತಿಲ್ಲ. ಆಗಲೇ ಆಕೆ ಎರಡು ಸಲ ಫೋನ್ ಮಾಡಿದ್ದರು, ಬಿಟ್ಟುಬಿಡಲಾ ಎಂದು. ಬಿಡುವ ಹಕ್ಕು ನಿಮ್ಮದೇ, ಆದರೆ ಮಾತಿಲ್ಲದ ವಾರದಲ್ಲಿ ತೀರ್ಮಾನ ಬೇಡ, ರಾತ್ರಿ ಹೊತ್ತು ಎದೆ ಬಡಿದುಕೊಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು ಎಂದೆ. ಮುಖ್ಯ ಶಿಕ್ಷಕರು ವಿರೋಧಿಸಲಿಲ್ಲ. ಅವರೂ ಒತ್ತಡದಲ್ಲೇ ಇದ್ದವರು, ಓದುವ ಅಧ್ಯಕ್ಷೆ ಸಿಕ್ಕಿದ್ದು ಅವರಿಗೂ ನೆಮ್ಮದಿಯಾಗಿತ್ತು. ಪರದೆಯ ಹಳೆಯ ಬಿಲ್ಲು ಇನ್ನೂ ಇತ್ಯರ್ಥವಾಗಿಲ್ಲ. ಗಂಡ ಈಗಲೂ ಮೀಟಿಂಗಿಗೆ ಬರುತ್ತಾರೆ, ಜಗಲಿಯಲ್ಲಿ ಕೂರುತ್ತಾರೆ. ವಾಂತಿ ನಿಂತಿದೆ, ತಲೆನೋವು ಆಗಾಗ ಬರುತ್ತದೆ.

ಇದನ್ನು ಓದುವ ಮುಖ್ಯ ಶಿಕ್ಷಕರಿಗೆ ಒಂದು ಮಾತು. ಸದಸ್ಯೆಯ ಜಾಗದಲ್ಲಿ ಗಂಡ, ಮೈದುನ, ಮಾವ ಯಾರೇ ಬಂದು ಕೂತರೂ ಸಭೆಯ ಮಟ್ಟಿಗೆ ಆ ಸದಸ್ಯೆ ಗೈರುಹಾಜರು. ಹಾಜರಿ ಪುಟದಲ್ಲಿ ಹಾಗೆಯೇ ಬರೆಯಿರಿ. ಸಭೆಯ ನೋಟಿಸನ್ನು ಆಕೆಯ ಕೈಗೇ ಕೊಡಿ, ಮಗುವಿನ ಬ್ಯಾಗಿನಲ್ಲಿಟ್ಟು ಕಳಿಸಬೇಡಿ. ಗುಂಪಿನ ವಾಟ್ಸಾಪಿನಲ್ಲಿ ಗಂಡನ ನಂಬರ್ ಬದಲು ಆಕೆಯದ್ದನ್ನು ಹಾಕಿ. ನಡಾವಳಿಯನ್ನು ಎಲ್ಲರಿಗೂ ಕೇಳುವಂತೆ ಓದಿ, ಆಮೇಲೆ ಸಹಿಗೆ ಕೊಡಿ. ಟೀಯನ್ನು ಮೀಟಿಂಗ್ ಮುಗಿದ ಮೇಲೆ ಎಲ್ಲರೂ ಅವರವರೇ ತೆಗೆದುಕೊಳ್ಳಲಿ.